ಹೊಸ ಸೀರೆಯ ಹಳೇ ಕೌದಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಮ್ಮ ಸಾಹೇಬರನ್ನೋ ಶಾಂತತ್ತಿಯನ್ನೋ ಬೈಯುವುದು ಬೇಡ. ಕೆಲವರಿಗೆ ಕೈ ಸುಮ್ಮನಿರುವುದಿಲ್ಲ, ಕೆಲವರಿಗೆ ಕಾಲು. ನನಗೆ ಗಂಟಲು. ಯಾರದಾದರೂ ಎರಡು ಮಾತು ಕಿವಿಗೆ ಬಿದ್ದರೆ ಮೂರನೆಯದನ್ನು ಅವರದೇ ದನಿಯಲ್ಲಿ ನಾನೇ ಮುಗಿಸಿಬಿಡುತ್ತೇನೆ. ನಮ್ಮೂರ ಕ್ಯಾಂಪ್ ಬಡಾವಣೆಯ ಬೇಕರಿಯವನಿಂದ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಬಂತೆಂದು ಮೈಕಿನಲ್ಲಿ ಕೂಗುವವರವರೆಗೆ ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದಾರೆ. ಒಮ್ಮೆ ಗೆಳೆಯರ ಮುಂದೆ ನನ್ನದೇ ದನಿ ಮಾಡಿ ತೋರಿಸಿದೆ. “ಇದ್ಯಾರೋ? ಭಾಳ ತಲಿ ತಿನ್ನೋ ಮನಷ್ಯಾ ಕಾಣ್ತಾನ” ಅಂದರು.

ನಾನು ಕೆಲಸ ಮಾಡುವುದು ಬೆಳಗಾವಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು, ಡಬ್ಬಿ ತಯಾರಿಸುವ ಕಂಪನಿಯಲ್ಲಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಬಕೆಟ್ಟುಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿವೆ, ನಮ್ಮ ಸಾಹೇಬರು ದಪ್ಪಗಾಗುತ್ತಿದ್ದಾರೆ. ಎರಡಕ್ಕೂ ಸಂಬಂಧವಿದೆ ಎಂದು ನಾನೆಲ್ಲೂ ಹೇಳಿಲ್ಲ. ಹಿಡಿಕೆ ಕಿತ್ತ ಬಕೆಟ್ ಹಿಡಿದು ಗಿರಾಕಿಗಳು ಜಗಳಕ್ಕೆ ಬಂದು ಹೋದ ಮೇಲೆ ಸಾಹೇಬರು ಮಾತ್ರ ಶಾಂತವಾಗಿ ಹೇಳುತ್ತಾರೆ: “ತಮ್ಮಾ, ಬಕೆಟ್ ಒಡೀಲಿಲ್ಲಂದ್ರ ಕಂಪನಿ ಒಡೀತೈತಿ.” ಇಂಥ ಕಂಪನಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಮೊದಲು ಗೋಡೆಗೆ ಹಸಿರು ಬಣ್ಣ ಬಂತು. ಆಮೇಲೆ ನಮಗೆಲ್ಲ ಎದೆಯ ಮೇಲೆ ಎಲೆಯ ಚಿತ್ರವಿದ್ದ ಹಸಿರು ಟೀಶರ್ಟ್ ಬಂತು. ಎರಡು ಒಗೆತಕ್ಕೆ ಎಲೆ ಉದುರಿತು. ಅಷ್ಟರ ಮಟ್ಟಿಗೆ ಅದು ನಿಜವಾದ ಎಲೆಯೇ.

ಮುಂದಿನದು ಡೀಲರುಗಳ ಸಭೆ. ಅವರಿಗೆ ಪರಿಸರಸ್ನೇಹಿಯಾದ ಉಡುಗೊರೆ ಕೊಡಬೇಕು, ಏನು ಕೊಡೋಣ ಎಂದು ಸಾಹೇಬರು ನಮ್ಮನ್ನೆಲ್ಲ ಕೂಡಿಸಿ ಕೇಳಿದರು. ಹಿಂದಿನ ವಾರವಷ್ಟೇ ಮುಂಬಯಿಯಿಂದ ಒಬ್ಬರು ಬಂದು ನಮಗೆ ಪರಿಸರದ ಬಗ್ಗೆ ಭಾಷಣ ಮಾಡಿ ಹೋಗಿದ್ದರು. ನನ್ನ ಗಂಟಲು ಸುಮ್ಮನಿರಲಿಲ್ಲ. ಅವರದೇ ದನಿಯಲ್ಲಿ, ಅವರ ಹಾಗೆಯೇ ಕಣ್ಣು ಮುಚ್ಚಿ, “ನಮ್ಮ ಪೂರ್ವಜರು ಹಳೆ ಬಟ್ಟೆಯನ್ನೂ ಎಸೆಯಲಿಲ್ಲ! ಕೌದಿ ಹೊಲಿದು ಭೂಮಿತಾಯಿಯನ್ನು ಬೆಚ್ಚಗಿಟ್ಟರು!” ಎಂದೆ. ಭೂಮಿ ಬೆಚ್ಚಗಾಗಿರುವುದೇ ತಕರಾರು ಎಂಬುದು ಆಮೇಲೆ ಹೊಳೆಯಿತು. ಎಲ್ಲರೂ ನಗುತ್ತಾರೆ ಎಂದುಕೊಂಡು ಕಣ್ಣು ತೆರೆದರೆ ಸಾಹೇಬರು ಚಪ್ಪಾಳೆ ತಟ್ಟುತ್ತಿದ್ದಾರೆ!

“ಕೌದಿ! ಭೇಷ್! ಯಾರ ಹೊಲೀತಾರೋ?”

“ಖಾನಾಪುರದಾಗ ನಮ್ಮ ಸೋದರತ್ತಿ ಅದಾರ್ರಿ…”

“ಕೌದಿ ಬಂದ್ರ ನೀ ಕಾಯಂ. ಬರಲಿಲ್ಲಂದ್ರ ಬ್ಯಾರೆ ಕಡೆ ನೌಕರಿ ನೋಡ್ಕೊ.”

ಶಾಂತತ್ತಿ ಎಂದರೆ ಅಪ್ಪನ ಅಕ್ಕ. ಅವರ ಓಣಿಯಲ್ಲಿ ನಲ್ಲಿಯ ನೀರು ಕೂಡ ಅವರನ್ನು ಕೇಳಿಯೇ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಅವರ ಪಡಸಾಲೆಯಲ್ಲಿ ಸೇರಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಊರಿನವರನ್ನೆಲ್ಲ ಹರಿಯುತ್ತ ಕೌದಿ ಹೊಲಿಯುತ್ತಾರೆ. ಫೋನು ಮಾಡಿದರೆ ಒಂದೇ ಮಾತು: “ಹಳೇ ಅರಿವಿ ತಾ, ಹೊಲದು ಕೊಡ್ತೇವಿ.”

ಇದೇನು ಮಹಾ ಎಂದು ಆಫೀಸಿನಲ್ಲಿ ಹಳೇ ಬಟ್ಟೆ ಕೂಡಿಸಿದೆ. ಗೋಣಿಚೀಲಗಟ್ಟಲೆ ಬಂತು. ನನ್ನದೇ ಪಾಲು ದೊಡ್ಡದು: ಮೊಬೈಲಿನಲ್ಲಿ ಬೆರಳಾಡಿಸುತ್ತ, ಅಗ್ಗ ಎಂಬ ಒಂದೇ ಕಾರಣಕ್ಕೆ ತರಿಸಿದ ಅಂಗಿಗಳು. ಒಂದೆರಡರ ಚೀಟಿ ಕೂಡ ಕಿತ್ತಿರಲಿಲ್ಲ. ಎಲ್ಲವನ್ನೂ ಖಾನಾಪುರಕ್ಕೆ ಒಯ್ದೆ. ಅತ್ತಿ ಒಂದನ್ನು ಹಿಡಿದು ಎಳೆದರು, ಅದು ಜಗ್ಗಿತು. ಸೂಜಿ ಚುಚ್ಚಿದರು; ಜಾರಿತು. “ಇದು ಅರಿವಿ ಅಲ್ಲೋ ಬಸ್ಯಾ, ನಿಮ್ಮ ಬಕೆಟ್ಟಿನ ತಮ್ಮ!” ಅಂದರು. ಖರೇ ಮಾತು. ನಮ್ಮ ಅಜ್ಜಿಯ ಸೀರೆ ಹಬ್ಬಕ್ಕೆಂದು ಮನೆಗೆ ಬಂದು, ದಿನಬಳಕೆಗೆ ಇಳಿದು, ಹುಡುಗಿಯರ ಲಂಗವಾಗಿ, ಕೂಸಿನ ಜೋಳಿಗೆಯಾಗಿ, ಮೆತ್ತಗಾಗಿ ಮೆತ್ತಗಾಗಿ ಕೊನೆಗೆ ಕೌದಿ ಸೇರುತ್ತಿತ್ತು. ನಮ್ಮ ಅಂಗಿಗಳಿಗೆ ಮುಪ್ಪೆಂಬುದೇ ಇಲ್ಲ; ತಾರುಣ್ಯದಲ್ಲೇ ತೀರಿಕೊಳ್ಳುತ್ತವೆ. ಕೂಡಿಸಿದ್ದನ್ನೆಲ್ಲ ಹೊತ್ತು ವಾಪಸು ಬಂದೆ.

ಸಾಹೇಬರು ಹೆದರುವವರೇ? “ಹಳೇದು ಸಿಗಲಿಲ್ಲಂದ್ರ ಹೊಸಾದು ತಂದು ಹಳೇದು ಮಾಡು! ಎಲ್ಲಾ ನಮ್ಮ ಕಂಪನಿ ಹಸರ ಬಣ್ಣದ್ದ ಇರಲಿ. ಕತ್ತರಸು, ಹೊಲಿಸು, ನಾಕು ಸಲ ಒಗಸು, ತಾನ ಹಳೇದು ಕಾಣ್ತೈತಿ. ಮ್ಯಾಲೆ ಒಂದೊಂದು ಪ್ಲಾಸ್ಟಿಕ್ ಕವರ್ ಹಾಕು.” ನಾನು ಅಲ್ಲೇ ತಡೆಯಬೇಕಿತ್ತು. ಆದರೆ ಕಾಯಂ ಎಂಬ ಪದ ಕಣ್ಣ ಮುಂದೆ ಕುಣಿಯುತ್ತಿತ್ತು. ವಡಗಾವಿಗೆ ಹೋಗಿ ಮಗ್ಗದವರೊಬ್ಬರ ಹತ್ತಿರ ಹಸಿರು ನೂಲಿನ ಸೀರೆ ಒಂದು ರಾಶಿ ಕೇಳಿದೆ. ಅವರ ಮುಖ ಅರಳಿತು.

“ಯಾರ ಮದವಿರೀ?”

“ಮದವಿ ಅಲ್ರಿ, ತುಂಡು ಮಾಡಾಕ.”

ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ ಅವರು ಗಂಟು ಕಟ್ಟಿಕೊಟ್ಟರು.

ಖಾನಾಪುರದ ಪಡಸಾಲೆಯಲ್ಲಿ ಗಂಟು ಬಿಚ್ಚಿದಾಗ ಹೆಂಗಸರೆಲ್ಲ ಸೂಜಿ ಕೆಳಗಿಟ್ಟು ಹತ್ತಿರ ಸರಿದರು. ಪಕ್ಕದ ಮನೆಯ ಸುಮನಕಾಕು ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿ, “ಅಗಬಾಯಿ! ನವೀ ಸಾಡಿ ಕಾಪಾಯಚಿ?” ಎಂದು ಕೆನ್ನೆಗೆ ಕೈ ಹಚ್ಚಿದರು. ಯಾರೂ ಉಡದ ಹೊಸ ಸೀರೆಗೆ ಕತ್ತರಿ ಹಾಕುವುದೇ ಎಂದು ಎಲ್ಲರೂ ಅತ್ತಿಯ ಮುಖ ನೋಡಿದರು. ಅತ್ತಿ ಒಂದು ಸೀರೆಯ ಸೆರಗು ಸವರಿ ನೋಡಿ, ಏನೋ ಲೆಕ್ಕ ಹಾಕಿ, ನಕ್ಕರು. “ಇಟ್ಟು ಹೋಗೋ ಯಪ್ಪಾ. ಕೌದಿ ಆಗ್ತಾವ.” ನಾನು ದಾರಿಯುದ್ದಕ್ಕೂ ಸಾಹೇಬರ ದನಿಯಲ್ಲಿ ನನಗೆ ನಾನೇ ‘ನೀ ಕಾಯಂ’ ಎಂದು ಹೇಳಿಕೊಳ್ಳುತ್ತ ಬಂದೆ.

ಸಭೆಯ ಹಿಂದಿನ ದಿನ ಕೌದಿ ತರಲು ಸಾಹೇಬರೇ ಜೀಪು ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು. ಓಣಿ ತಿರುಗುತ್ತಲೇ ನಾನು ಸೀಟಿನಲ್ಲಿ ಕೆಳಗೆ ಜಾರಿ ಕುಳಿತೆ. ನಲ್ಲಿಯ ಹತ್ತಿರ ಹಸಿರು ಸೀರೆ. ಹಿಟ್ಟಿನ ಗಿರಣಿಯ ಮುಂದೆ ಹಸಿರು ಸೀರೆ. ಸುಮನಕಾಕು ಹಸಿರು ಸೀರೆ ಉಟ್ಟು ಎಮ್ಮೆಯ ಮೈ ತೊಳೆಯುತ್ತಿದ್ದರು. “ಏನಲೇ, ನಮ್ಮದೊಂದು ಬ್ರಾಂಚ್ ಐತೇನು ಇಲ್ಲಿ?” ಎಂದರು ಸಾಹೇಬರು. ಬಾಗಿಲಲ್ಲಿ ನಿಂತ ಶಾಂತತ್ತಿಯೂ ಹಸಿರು. “ಬರ್ರಿ ಸಾಹೇಬ್ರ, ಕುಂದರ್ರಿ” ಎಂದು ಅವಲಕ್ಕಿ, ಚಹಾ ಕೊಟ್ಟರು. ಸಾಹೇಬರು ಚಹಾ ಬಶಿಗೆ ಸುರಿದುಕೊಂಡರೇ ಹೊರತು ಕುಡಿಯಲಿಲ್ಲ.

“ಅಕ್ಕಾರ, ಕೌದಿ ಎಲ್ಲಿ ಅದಾವ್ರಿ? ನಾಳೆ ನನ್ನ ಮಾನ ಹೋಗ್ತೈತಿ. ಕೌದಿ ಇಲ್ಲಂದ್ರ ಈ ಬಸವರಾಜ ಇವತ್ತ ಮನೀಗೆ, ಹೇಳೇನಿ!”

ನನಗೆ ಯಾರ ದನಿಯೂ ಬರಲಿಲ್ಲ, ನನ್ನದು ಕೂಡ. ಅತ್ತಿ ಸೆರಗು ಸರಿಮಾಡಿಕೊಂಡು, ಅವಸರವಿಲ್ಲದೆ ಹೇಳಿದ ಮಾತಿಗೆ ಸಾಹೇಬರು ಬಶಿಯ ಚಹಾ ಮೈಮೇಲೆ ಚೆಲ್ಲಿಕೊಂಡು ನಕ್ಕರು. ಪ್ರಕರಣ ಅಲ್ಲಿಗೇ ಮುಗಿಯಿತು:

“ಕೌದಿ ತಯಾರಾಗಾಕ ಹತ್ತ್ಯಾವ್ರಿ ಸಾಹೇಬ್ರ, ಕಾಣವಲ್ದೇನು? ಈಗ ಉಡಾಕ ಹತ್ತೇವಿ, ಹರದ ಮ್ಯಾಲ ಹೊಲೀತೇವಿ. ಅಲ್ಲೀತನಕಾ ನಮ್ಮ ಹುಡುಗನ್ನ ನೌಕರಿಯಾಗ ಇಟ್ಕೊಂಡಿರ್ರಿ. ಒಯ್ಯಾಕ ಯಾರರ ಬರಬೇಕಲ್ಲ!”