ಬೀಗರ ಪಂಕ್ತಿಯಲ್ಲಿ ಸ್ವರಚಿತ ಶ್ಲೋಕ

ಪುಣೆಯ ಸದಾಶಿವ ಪೇಟೆಯ ಚಿಂತಾಮಣರಾವ್ ಗೋಡಬೋಲೆಯವರಿಗೆ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಒಂದೇ ಕೊರಗು: ತಮ್ಮ ಮಾತನ್ನು ಯಾರೂ ಕೇಳುವುದಿಲ್ಲ. (ಇಲಾಖೆಯಲ್ಲಿದ್ದಾಗಲೂ ಯಾರೂ ಕೇಳುತ್ತಿರಲಿಲ್ಲ, ಆದರೆ ಆಗ ಕೈಕೆಳಗಿನವರು ಎದ್ದು ಹೋಗುವ ಹಾಗಿರಲಿಲ್ಲ.) ಈ ಕೊರಗಿಗೆ ಮದ್ದು ಮಾರುತಿ ಗುಡಿಯ ಹಿಂದಿನ ಸಂಜೆಯ ಸಂಸ್ಕೃತ ತರಗತಿಯಲ್ಲಿ ಸಿಕ್ಕಿತು. ಅಲ್ಲಿ ವೈಜಯಂತಿಬಾಯಿ 'ಯಃ–ಸಃ' ಪಾಠ ನಡೆಸುತ್ತಿದ್ದರು. ಯಾವನು ಹೀಗೆ ಮಾಡುತ್ತಾನೋ ಅವನು ಜಾಣ, ಯಾವನು ಹಾಗೆ ಮಾಡುತ್ತಾನೋ ಅವನು ಪಶು. ಸುಭಾಷಿತಗಳೆಲ್ಲ ಈ ಅಚ್ಚಿನಲ್ಲೇ ಎರಕ ಹೊಯ್ದವು. ಬಾಯಿಪಾಠ ಮಾಡಿ, ಮನೆಯಲ್ಲಿ ಬಳಸಿ, ಸರ್ವನಾಮ ತಾನಾಗಿ ಒಗ್ಗುತ್ತದೆ ಎಂದರು ವೈಜಯಂತಿಬಾಯಿ.

ರಾಯರು ಬಳಸಿದರು. ಚಹಾ ತಣ್ಣಗಿದ್ದರೆ ಒಂದು ಸುಭಾಷಿತ, ಟೀವಿ ಸದ್ದು ಹೆಚ್ಚಾದರೆ ಇನ್ನೊಂದು, ನೆರೆಮನೆಯವರು ಸ್ಕೂಟರನ್ನು ಅಡ್ಡ ನಿಲ್ಲಿಸಿದರೆ ತಾರಸಿಯಿಂದಲೇ ಎರಡು.

"ಈಗ ಹೇಳಿದ್ರಲ್ಲ, ಯಾರು ಊಟದ ಹೊತ್ತಲ್ಲಿ ಫೋನಿನಲ್ಲಿ ಹರಟ್ತಾರೋ ಅವರು ಮೂಢರು ಅಂತ. ಯಾರನ್ನ ಅಂದಿದ್ದು?" ಎಂದು ಹೆಂಡತಿ ಕುಮುದಿನಿಬಾಯಿ ಕೇಳಿದರು.

"ಯಾರನ್ನೂ ಅಲ್ವೇ. ಅದು ಸಾಮಾನ್ಯ ವಚನ. ಲೋಕಕ್ಕೆಲ್ಲ ಅನ್ವಯಿಸುತ್ತೆ."

"ರೀ, ಈ ಮನೇಲಿರೋ ಲೋಕ ಇಬ್ಬರದ್ದು. ಅದರಲ್ಲಿ ನಿಮಗೆ ಯಾರೂ ಫೋನೇ ಮಾಡಲ್ಲ."

ಅಷ್ಟರಲ್ಲಿ ದೀಪಾವಳಿ ಬಂತು. ಮಗಳು ಮುಗ್ಧಾಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯನ ಜೊತೆ ಬೀಗರಾದ ಆಗಾಶೆ ದಂಪತಿಯೂ ಊಟಕ್ಕೆ ಬರುವವರಿದ್ದರು. ಮುಗ್ಧಾ ಹಿಂದಿನ ದಿನವೇ ಫೋನ್ ಮಾಡಿ ಅಪ್ಪನನ್ನು ಕೇಳಿಕೊಂಡಳು. "ಬಾಬಾ, ನಮ್ಮತ್ತೆ ಬೇಗ ಮನಸ್ಸಿಗೆ ಹಚ್ಕೋತಾರೆ. ಮದುವೇಲಿ ಅವರಿಗೆ ಅತ್ತರು ಹಚ್ಚೋದು ನಾವು ಮರೆತಿದ್ದಕ್ಕೆ ಇನ್ನೂ ನನ್ನ ಹತ್ರ ಹೇಳ್ತಿರ್ತಾರೆ. ಈಗೀಗ ಸ್ವಲ್ಪ ಸರಿಹೋಗಿದಾರೆ. ದಯವಿಟ್ಟು ಏನೂ ವಿಶೇಷ ಮಾಡ್ಬೇಡಿ."

"ನಾನೇನು ಮಾಡ್ತೀನಮ್ಮ?" ಎಂದರು ರಾಯರು. ಅವರ ಜೇಬಿನಲ್ಲಿ ಆಗಲೇ ಒಂದು ಸ್ವರಚಿತ ಶ್ಲೋಕ ಬೆಚ್ಚಗೆ ಕೂತಿತ್ತು.

ಪಂಕ್ತಿಯಲ್ಲಿ ಶ್ಲೋಕ ಹೇಳುವುದು ನಡೆದುಬಂದ ಪದ್ಧತಿ. "ಎಲ್ಲರಿಗೂ ಗೊತ್ತಿರೋ ಒಂದು ಗಣಪತಿ ಶ್ಲೋಕ ಹೇಳಿ, ಸಾಕು" ಎಂದು ಕುಮುದಿನಿಬಾಯಿ ಬೆಳಿಗ್ಗೆಯೇ ತಾಕೀತು ಮಾಡಿದ್ದರು. ಮನೆಯ ತುಂಬ ಏಲಕ್ಕಿ ಘಮ. ಹೋಳಿಗೆಯ ಮೇಲೆ ತುಪ್ಪ ಹೊಳೆಯಾಗಿ ಹರಿಯುತ್ತಿತ್ತು. ಆಗಾಶೆಯವರು ತಿನ್ನುವುದರಲ್ಲಿ ಉದಾರಿ. ಬೀಗತಿಯವರೂ ಮುಖದ ಬಿಗಿ ಸಡಿಲಿಸಿ, "ಇನ್ನೊಂದು ಹಾಕಿ ಪರವಾಗಿಲ್ಲ" ಎಂದು ತಾವಾಗಿಯೇ ತಟ್ಟೆ ಮುಂದೆ ಸರಿಸಿದರು. ಮುಗ್ಧಾಳ ಮುಖ ಹಣತೆಯಂತೆ ಬೆಳಗಿತು. ಅದೇ ಹೊತ್ತಿಗೆ ಆಗಾಶೆಯವರು ಬಾಯಿ ತುಂಬಿಕೊಂಡೇ ಹೇಳಿದರು:

"ರಾಯರೇ, ಒಂದು ಶ್ಲೋಕ ಆಗಲಿ!"

ರಾಯರು ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಕಣ್ಣು ಕಂಡರೂ ಕಾಣದಂತೆ ಸ್ವರವೆತ್ತಿದರು:

"ಯಃ ಪರಾನ್ನಂ ಭೃಶಂ ಭುಂಕ್ತೇ ಸ ರೋಗಸ್ಯ ಸಖಾ ಭವೇತ್!"

ಅಷ್ಟಕ್ಕೇ ನಿಲ್ಲಿಸಿದ್ದರೆ ಬೀಗರು 'ವಾಹ್' ಎಂದು ನುಂಗಿಬಿಡುತ್ತಿದ್ದರೇನೋ. ಆದರೆ ರಾಯರೊಳಗಿನ ಗುರು ಎದ್ದು ನಿಂತಿದ್ದ. "ಅಂದರೆ, ಯಾವನು ಪರರ ಮನೆಯ ಅನ್ನವನ್ನ ಮಿತಿಮೀರಿ ತಿಂತಾನೋ, ಅವನು ರೋಗಕ್ಕೆ ಗೆಳೆಯ. ಯಃ ಅಂದ್ರೆ ಯಾವನೋ. ಯಾರು ಬೇಕಾದ್ರೂ ಆಗಬಹುದು!" ಎಂದು ಪಂಕ್ತಿಯ ಉದ್ದಕ್ಕೂ ಕೈ ಬೀಸಿ ತೋರಿಸಿದರು.

ಬೀಗತಿಯವರ ಕೈ ಹೋಳಿಗೆಯ ಮೇಲೆಯೇ ನಿಂತಿತು. ಆಗಾಶೆಯವರು ಅಗಿಯುವುದನ್ನು ನಿಲ್ಲಿಸಿದರು; ನುಂಗುವುದೋ ಬಿಡುವುದೋ ತಿಳಿಯದೆ ಕೆನ್ನೆ ಉಬ್ಬಿಸಿ ಕೂತರು. ಅಳಿಯ ಲೋಟದ ನೀರನ್ನು ದಿಟ್ಟಿಸಿದ. "ನನಗೆ ಸಾಕು," ಎಂದರು ಬೀಗತಿ ಮೆಲ್ಲಗೆ, "ಪರರ ಮನೆ ಅಂತ ನಮಗೆ ಹೊಳೆದಿರಲಿಲ್ಲ." ಮುಗ್ಧಾ ತಲೆ ತಗ್ಗಿಸಿದಳು. ಅವಳ ತಟ್ಟೆಯೊಳಕ್ಕೆ ಒಂದು ಹನಿ ಬಿದ್ದುದನ್ನು ರಾಯರು ಕಂಡರು. ಕಿವಿಯಿಂದ ಕತ್ತಿನವರೆಗೆ ಬಿಸಿಯಾಯಿತು. ಮಗಳು ಕೇಳಿಕೊಂಡಿದ್ದು ಇಷ್ಟೇ, ಏನೂ ಮಾಡಬೇಡಿ ಅಂತ.

"ಅಯ್ಯೋ ವಿಹಿಣಬಾಯಿ, ನೀವೊಬ್ಬರು!" ಕುಮುದಿನಿಬಾಯಿ ಬೀಗತಿಯತ್ತ ತಿರುಗಿ ಗಲಗಲ ನಕ್ಕರು. "ಅದು ಇವರು ತಮಗೇ ಬರ್ಕೊಂಡಿದ್ದು. ಡಾಕ್ಟ್ರು ಸಕ್ಕರೆ ಕಾಯಿಲೆ ಅಂದ್ರು ನೋಡಿ. ಮೂರು ಹೊತ್ತೂ ಇದನ್ನೇ ಹೇಳ್ಕೊಂಡು ನಾಲಗೆ ಕಟ್ಕೋತಿದಾರೆ ಪಾಪ. ತಮ್ಮ ಮನೇಲೇ ಪರರ ಮನೆ ಹಾಗೆ ಇರ್ತಾರೆ!" ಎನ್ನುತ್ತಲೇ ರಾಯರ ತಟ್ಟೆಯಿಂದ ತುಪ್ಪ ಸುರಿಯುತ್ತಿದ್ದ ಹೋಳಿಗೆಗಳನ್ನು ಎತ್ತಿ ಬೀಗರ ತಟ್ಟೆಗೆ ಹಾಕಿದರು. ಶ್ರೀಖಂಡದ ಬಟ್ಟಲು ಅಳಿಯನ ಕಡೆ ಹೋಯಿತು.

(ರಾಯರ ರಕ್ತದಲ್ಲಿ ಇದುವರೆಗೆ ಯಾವ ಡಾಕ್ಟರಿಗೂ ಸಕ್ಕರೆ ಕಂಡಿರಲಿಲ್ಲ.)

"ಹೌದೇನ್ರೀ?" ಎಂದು ಬೀಗತಿ ನೇರವಾಗಿ ಅವರನ್ನೇ ಕೇಳಿದರು.

ರಾಯರು ಮಗಳ ಕಡೆ ನೋಡಿದರು. "ಹೌದು," ಎಂದರು. "ಆ ಯಾವನೋ ನಾನೇ."

"ಎಂಥ ವೈರಾಗ್ಯ ಮಹಾರಾಯರೇ!" ಎಂದು ಆಗಾಶೆಯವರು ಬಾಯಲ್ಲಿದ್ದುದನ್ನು ನೆಮ್ಮದಿಯಿಂದ ನುಂಗಿ, ರಾಯರ ಹೋಳಿಗೆಗೆ ಕೈ ಹಾಕಿದರು.

ಬೀಗರು ನಗುನಗುತ್ತ ಹೊರಟ ಮೇಲೆ ರಾಯರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ತಪ್ಪಾಯ್ತು ಕಣೇ."

"ಅದನ್ನ ಸಂಸ್ಕೃತದಲ್ಲಿ ಹೇಳಿ ನೋಡೋಣ."

ರಾಯರು ಹುಡುಕಿದರು. ಕಲಿತ ಅಷ್ಟೂ ಶ್ಲೋಕಗಳಲ್ಲಿ 'ಯಾವನೋ' ಇದ್ದ, 'ಅವನು' ಇದ್ದ. 'ನಾನು' ಎಂಬವನು ಒಂದರಲ್ಲೂ ಸಿಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೋಳಿಗೆ ಪಾತ್ರೆಯ ಮುಚ್ಚಳ ಎತ್ತಿದರು. ಖಾಲಿ.

"ಉಳಿದಿದ್ದನ್ನ ವಿಹಿಣಬಾಯಿಗೆ ಡಬ್ಬಿಗೆ ಹಾಕಿ ಕೊಟ್ಟೆ," ಎನ್ನುವಷ್ಟರಲ್ಲಿ ಕುಮುದಿನಿಬಾಯಿಯ ಫೋನು ರಿಂಗಣಿಸಿತು. "ಹೇಳಿ ವಿಹಿಣಬಾಯಿ... ಮನೆ ಮುಟ್ಟಿದ್ರಾ?... ಸಂಕ್ರಾಂತಿ ಊಟಕ್ಕಾ? ಬರ್ತೀವಿ, ಬರ್ತೀವಿ... ಶ್ಲೋಕವನ್ನೂ ಹೇಳ್ತಾರೆ... ಛೆ, ಅವರಿಗೆ ಬೆಲ್ಲದ್ದು ಏನೂ ಮಾಡ್ಬೇಡಿ." ಒಮ್ಮೆ ಗಂಡನ ಕಡೆ ತಿರುಗಿ ನೋಡಿದರು. "ಹಾಗಲಕಾಯಿಯಾ? ಅಯ್ಯೋ, ಹಾಗಲಕಾಯಿ ಅಂದ್ರೆ ಅವರಿಗೆ ಪ್ರಾಣ!"