ಅರಳೆ ರಾಶಿಯಲ್ಲಿ ಈಜು

ಅಣ್ಣಿಗೇರಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕುಬೇರಪ್ಪ ಹೊಸ ಹೆಂಡತಿಯ ಮುಂದೆ ಒಂದು ಸುಳ್ಳು ಹೇಳಿದ್ದ. ಮಲಪ್ರಭೆಗೆ ಮಹಾಪೂರ ಬಂದಾಗ ತಾನು ಈ ದಂಡೆಯಿಂದ ಆ ದಂಡೆಗೆ ಈಜಿ ದಾಟಿದ್ದೆ ಎಂದು. ಅಸಲಿಗೆ ಆತ ಮೊಣಕಾಲುಮಟ್ಟ ನೀರು ಕಂಡರೂ ಧೋತರ ಎತ್ತಿಕೊಂಡು ಹಿಂದೆ ಸರಿಯುವ ಆಸಾಮಿ. ಮದುವೆಯಾದ ಹೊಸತರಲ್ಲಿ ಗಂಡಸರು ಇಷ್ಟು ಕೊಚ್ಚಿಕೊಳ್ಳುವುದು ಇದ್ದದ್ದೇ. ಆದರೆ ಶಾರದವ್ವ ಗಂಡನ ಪರಾಕ್ರಮವನ್ನು ಕೆರೆಗೆ ನೀರು ತರಲು ಹೋದಾಗಲೆಲ್ಲ ಹಂಚಿದಳು. ಹಂಚಿದ್ದು ಹೆಡ್ ಕ್ಲಾರ್ಕ್ ಮಡಿವಾಳೆಪ್ಪನ ಕಿವಿಗೂ ಬಿತ್ತು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಸುತ್ತೋಲೆ ಬಂತು. ಕಡಲಿನಲ್ಲಿ ಮುಳುಗುವವರನ್ನು ಕಾಯುವ ಸೇವೆಯನ್ನು ಸುಧಾರಿಸಬೇಕೆಂದು ಸರಕಾರಕ್ಕೆ ಜ್ಞಾನೋದಯವಾಗಿತ್ತು. ದುಡ್ಡು ಮಾತ್ರ ಉದಯವಾಗಿರಲಿಲ್ಲ. ಹೀಗಾಗಿ ಹೊಸಬರನ್ನು ನೇಮಿಸದೆ, ಒಳನಾಡಿನ ಕಚೇರಿಗಳಿಂದ ಒಬ್ಬೊಬ್ಬ ನೌಕರನ ಹೆಸರು ತರಿಸಿ, ಈಜಿನ ಪರೀಕ್ಷೆ ಮಾಡಿ, ಆರಿಸಿದವರನ್ನು ಕಾರವಾರದ ದಂಡೆಗೆ ಅಟ್ಟುವುದೆಂದು ನಿರ್ಧಾರವಾಗಿತ್ತು. ಹೆಸರು ಕಳಿಸದಿದ್ದರೆ ತನ್ನ ಕುರ್ಚಿಗೇ ಸಂಚಕಾರ ಎಂದು ಹೆದರಿದ ಮಡಿವಾಳೆಪ್ಪ ಕುಬೇರಪ್ಪನ ಹೆಸರನ್ನು ಅಂದೇ ಟಪಾಲಿಗೆ ಹಾಕಿದ. ತುರ್ತುಪರಿಸ್ಥಿತಿಯ ಕಾಲ. ಒಲ್ಲೆ ಎನ್ನುವ ಧೈರ್ಯ ಯಾರಿಗಿತ್ತು?

ಸುದ್ದಿ ಕೇಳಿ ಶಾರದವ್ವ ಅಳಲಿಲ್ಲ, ಕೂಗಾಡಲೂ ಇಲ್ಲ. ಸಮುದ್ರದ ಊರಿಗೆ ತಾನು ಬರುವವಳಲ್ಲ, ಆತ ಕಾರವಾರದ ಬಸ್ಸು ಹತ್ತಿದ ದಿನ ತಾನು ಸಂಶಿಯ ತವರಿಗೆ ಹೋಗುವುದು ಖರೆ ಎಂದಷ್ಟೇ ಹೇಳಿದಳು. ಆರು ತಿಂಗಳ ಸಂಸಾರ, ಇನ್ನೂ ರೊಟ್ಟಿಯ ಬಿಸಿ ಆರಿರಲಿಲ್ಲ. ಮಾನ ಹೋದರೆ ಹೋಗಲಿ, ಊರ ಮುಂದೆ ಮುಳುಗಿಯೇ ತೋರಿಸುತ್ತೇನೆ, ಹೆಂಡತಿಯನ್ನು ಮಾತ್ರ ಬಿಡಲಾರೆ ಎಂದು ಕುಬೇರಪ್ಪ ನಿಶ್ಚಯಿಸಿಕೊಂಡ.

ಪರೀಕ್ಷೆಯ ದಿನ ಸುಧಾರಣೆಯ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಮಿತವ್ಯಯದ ಮಾತು ಹೇಳಲು ಬೆಂಗಳೂರಿನಿಂದ ಅಣ್ಣಿಗೇರಿಯವರೆಗೆ ಪೆಟ್ರೋಲು ಸುಟ್ಟುಕೊಂಡು ಬಂದಿದ್ದರು. ಕಚೇರಿಯ ಖರ್ಚಿನಲ್ಲಿ ಹೊಟ್ಟೆತುಂಬ ಉಪ್ಪಿಟ್ಟು, ಶಿರಾ ತಿಂದು, ಖರ್ಚು ಕಡಿಮೆ ಮಾಡುವುದು ಹೇಗೆಂದು ಒಂದು ತಾಸು ಭಾಷಣ ಮಾಡಿದರು. ಆಮೇಲೆ ಎಲ್ಲರೂ ಕೆರೆಯ ಕಡೆ ಹೊರಟರು. ಇಡೀ ಓಣಿ ಹಿಂದೆ ಬಂತು.

ಆ ಊರಿನಲ್ಲಿ ಕುಡಿಯುವ ನೀರೆಂದರೆ ಅದೊಂದೇ ಕೆರೆ. ಅದರ ಏರಿಯ ಮೇಲೆ ಚಪ್ಪಲಿ ಮೆಟ್ಟುವಂತಿಲ್ಲ, ನೀರಿಗೆ ಕೊಡ ತಾಗಬೇಕೇ ಹೊರತು ಕಾಲು ತಾಗುವಂತಿಲ್ಲ. ಬೆಂಗಳೂರಿನ ನಲ್ಲಿಯ ನೀರು ಕುಡಿದವರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಮೆಟ್ಟಿಲ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದ ದುರ್ಗವ್ವ ಎಂಬ ಮುದುಕಿ ಅಡ್ಡ ಬಂದಳು.

“ಸಾಹೇಬ್ರ, ಇದು ನಾವು ಕುಡಿಯೂ ನೀರು. ಇದರಾಗ ದನಾ ಸೈತ ಇಳಸಂಗಿಲ್ಲ, ನಿಮ್ಮ ಗುಮಾಸ್ತನ್ನ ಹೆಂಗ ಇಳಸ್ತೀರಿ?”

ಹೆಂಗಸರೆಲ್ಲ ಆಕೆಯ ಬೆನ್ನಿಗೆ ನಿಂತರು. ಸಾಹೇಬರು ಬೆವರು ಒರೆಸಿಕೊಂಡರು. ಪರೀಕ್ಷೆ ತಪ್ಪಿತೆಂದು ಕುಬೇರಪ್ಪ ಒಳಗೊಳಗೇ ದೇವರಿಗೆ ಕೈಮುಗಿದ. ಆದರೆ ಪರೀಕ್ಷೆ ನಡೆಯದಿದ್ದರೆ ಗತಿಯೇನೆಂಬ ಚಿಂತೆ ಮಡಿವಾಳೆಪ್ಪನಿಗೆ ಹತ್ತಿತು. ಹತ್ತಿ ಗಿರಣಿಯ ಮೇಸ್ತ್ರಿ ಕುತುಬುದ್ದೀನನನ್ನು ಆತ ಮುಂದೆ ತಳ್ಳಿದ. ಗಿರಣಿಯ ಅಂಗಳದಲ್ಲಿ ಎರಡಾಳೆತ್ತರ ಅರಳೆ ಬಿದ್ದಿದೆ, ಅದರಲ್ಲಿ ಇಳಿದವನು ಮುಳುಗುತ್ತಾನೆ, ಆದರೆ ಸಾಯುವುದಿಲ್ಲ ಎಂದು ಕುತುಬುದ್ದೀನ ವಿವರಿಸಿದ. ಸಾಹೇಬರ ಮುಖ ಅರಳಿತು. ಕೈಕಾಲು ಆಡಿಸುವುದನ್ನು ನೋಡಲು ನೀರೇ ಯಾಕೆ ಬೇಕು, ನೀರಿಲ್ಲದೆ ಪರೀಕ್ಷೆ ಮಾಡಿದರೆ ಅದೂ ಒಂದು ಉಳಿತಾಯವೇ ಎಂದರು.

ಹೀಗೆ ಕುಬೇರಪ್ಪ ಅರಳೆಯ ರಾಶಿ ಹತ್ತಿದ. ಮುಳುಗುವ ನಾಟಕವನ್ನು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲೇ ರಾಶಿ ಬಾಯ್ದೆರೆದು ಆತನನ್ನು ನುಂಗಿತು. ಕಣ್ಣು, ಮೂಗು, ಬಾಯಿಗೆಲ್ಲ ಅರಳೆ ತುಂಬಿತು. ನಾಟಕ ಮರೆತು ಆತ ನಿಜಕ್ಕೂ ಒದ್ದಾಡಿದ. ಕೆಳಗೆ ಮಡಿವಾಳೆಪ್ಪ, ತಾನೇ ಮುಳುಗುತ್ತಿರುವವನಂತೆ ಕೈ ಬೀಸುತ್ತ, “ಕಾಲು ಬಡಿಯೋ, ಮಲಪ್ರಭಾ ನೆನಸಿಕೊಳ್ಳೋ” ಎನ್ನುತ್ತಿದ್ದ. ಕೊನೆಗೆ ಗಿರಣಿಯ ಹಮಾಲರು ರಾಶಿ ಏರಿ ಆತನನ್ನು ಎಳೆದರು. ಆಳು ಹೊರಬಂದ, ಧೋತರ ಒಳಗೇ ಉಳಿಯಿತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಸೀನುತ್ತ ನಿಂತ ಮಲಪ್ರಭೆಯ ವೀರನನ್ನು ಕಂಡು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಂಪೌಂಡಿನ ಬಳಿ ನಿಂತಿದ್ದ ಶಾರದವ್ವ ಮಾತ್ರ ನಗಲಿಲ್ಲ.

ಕುಬೇರಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೂ ಕಾರವಾರ ತಪ್ಪಿತಲ್ಲ ಎಂಬ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಸಾಹೇಬರು ಹತ್ತಿರ ಬಂದು ಆತನ ಕೈ ಕುಲುಕಿದರು.

“ಶಾಭಾಸ್. ನಿಮ್ಮಂಥವರನ್ನೇ ಹುಡುಕ್ತಾ ಇದ್ದೆ. ಸೋಮವಾರ ಕಾರವಾರಕ್ಕೆ ಹಾಜರಾಗಿ.”

ಕುಬೇರಪ್ಪನ ಸೀನು ಅರ್ಧಕ್ಕೇ ನಿಂತಿತು. ತನಗೆ ಈಜು ಬರುವುದಿಲ್ಲ, ಅದನ್ನು ಊರೇ ನೋಡಿತಲ್ಲ ಎಂದು ತೊದಲಿದ.

“ಅದಕ್ಕೇ ರೀ. ಈಜು ಬಲ್ಲವರಿಂದಲೇ ಇಲಾಖೆ ದಿವಾಳಿ ಆಗಿರೋದು. ಯಾರೋ ಮುಳುಗಿದ ಅಂದರೆ ಸಾಕು, ಹಾರಿಬಿಡ್ತಾರೆ. ಆಮೇಲೆ ಅವರಿಗೆ ಜ್ವರ, ರಜೆ, ಬಹುಮಾನ. ಸತ್ತರಂತೂ ಹೆಂಡತಿಗೆ ಪಿಂಚಣಿ. ನೀವು ಸತ್ತರೂ ನೀರಿಗಿಳಿಯೋರಲ್ಲ. ದಂಡೆಯಲ್ಲಿ ನಿಂತು ಸೀಟಿ ಊದಿ, ಅಷ್ಟೇ. ಸುಧಾರಣೆ ಅಂದರೆ ಇದು.”

“ಮತ್ತ ಮುಳಗಿದಾವ್ರನ್ನ ತಗ್ಯಾವ್ರು ಯಾರ್ರಿ?” ಎಂದು ದುರ್ಗವ್ವ ಕೇಳಿದಳು.

“ಅದು ನಮ್ಮ ಇಲಾಖೆಗೆ ಬರೋದಿಲ್ಲಮ್ಮ” ಎಂದು ಸಾಹೇಬರು ಜೀಪು ಹತ್ತಿದರು. ಮಡಿವಾಳೆಪ್ಪ ಬಾಗಿಲು ಮುಚ್ಚಿ ಸಲಾಮು ಹೊಡೆದ.

ಕುಬೇರಪ್ಪ ಹುಚ್ಚನಂತೆ ಮತ್ತೆ ರಾಶಿ ಹತ್ತಿದ. ನನಗೆ ಈಜು ಬರುತ್ತದೆ, ನೋಡಿ ಎನ್ನುತ್ತ ಎರಡೂ ಕೈಗಳಿಂದ ಅರಳೆ ಬಡಿದ. ಜೀಪಿನ ಧೂಳು ಆಗಲೇ ಗದಗ ರಸ್ತೆ ಮುಟ್ಟಿತ್ತು. ಕುತುಬುದ್ದೀನ ಮಾಲು ಕೆಡುತ್ತದೆಂದು ಗೊಣಗಿದ. ಜನ ಚದುರಿದರು. ರಾಶಿಯ ಬುಡದಲ್ಲಿ ಶಾರದವ್ವ ಒಬ್ಬಳೇ ಉಳಿದಳು.

“ಇಳದ ಬರ್ರಿ” ಎಂದಳು. “ಟ್ರಂಕು ಎರಡು ತುಂಬೂದೈತಿ. ನಿಮ್ಮದು ಕಾರವಾರಕ್ಕ, ನಂದು ಸಂಶಿಗೆ.”