ಒಂದು ಮುಖ, ಮೂರು ಕೊಟೇಶನ್

ಎಲ್ಲ ಶುರುವಾದದ್ದು ಒಂದು ಮೊಂಡು ರೇಜರಿನಿಂದ. ಅದರ ತಲೆಯಲ್ಲಿ ಒಂದರ ಕೆಳಗೊಂದು ಮೂರು ಬ್ಲೇಡುಗಳಿದ್ದವು. ಮೂರೂ ಸೇರಿ ಒಂದು ಕೂದಲನ್ನೂ ಕತ್ತರಿಸುತ್ತಿರಲಿಲ್ಲ. ಎಳೆದು, ವಿಚಾರಿಸಿಕೊಂಡು, ಹಾಗೇ ಬಿಟ್ಟುಬಿಡುತ್ತಿದ್ದವು. ಹೊಸದು ತನ್ನಿ ಎಂದು ಹೆಂಡತಿ ಹೇಳಲು ಶುರುಮಾಡಿ ಒಂದೂವರೆ ತಿಂಗಳಾಗಿತ್ತು. ಗುಮಾಸ್ತರು ತಂದಿರಲಿಲ್ಲ. ಜಿಪುಣತನ ಅಂದುಕೊಳ್ಳಬೇಡಿ, ಅದು ಅವರ ವೃತ್ತಿಧರ್ಮ.

ಅವರು ಪಂಪ್‌ಸೆಟ್ಟು ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದ ಗುಮಾಸ್ತರು. ಮೂರು ಕಡೆಯಿಂದ ಕೊಟೇಶನ್ ತರಿಸಿ, ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಹೋಲಿಸಿ ನೋಡದೆ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕೈಯಿಂದ ಒಂದು ಗುಂಡುಸೂಜಿಯೂ ಖರೀದಿಯಾದದ್ದಿಲ್ಲ. ಮನೆಗೆ ಪೊರಕೆ ಬೇಕಾದರೂ ಮೂರು ಅಂಗಡಿ ಸುತ್ತಿ ಬರುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಪಕ್ಕದ ಮನೆಯ ಪೊರಕೆ ತಂದು ಗುಡಿಸಿ ಮುಗಿಸಿರುತ್ತಿದ್ದಳು. ಆಫೀಸಿನಲ್ಲಿ ಅವರಿಗೆ ‘ಕೊಟೇಶನ್’ ಎಂದೇ ಅಡ್ಡಹೆಸರು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವರನ್ನು ನಿಜವಾಗಿ ನೋಯಿಸುತ್ತಿದ್ದದ್ದು ಕೊರಳಿಗೆ ತೂಗುಹಾಕಿಕೊಳ್ಳುತ್ತಿದ್ದ ಗುರುತಿನ ಚೀಟಿ. ಹತ್ತು ವರ್ಷದ ಹಿಂದೆ ಅದಕ್ಕೆ ಫೋಟೋ ತೆಗೆಸುವಾಗ ಹಿಂದೆ ಕಟ್ಟಿದ್ದ ಬಟ್ಟೆಯ ಧೂಳು ಮೂಗಿಗೇರಿ, ಕ್ಲಿಕ್ ಎನ್ನುವುದಕ್ಕೂ ಅವರಿಗೆ ಸೀನು ಬರುವುದಕ್ಕೂ ಸರಿಹೋಗಿತ್ತು. ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಗು ಆಕಾಶಕ್ಕೆತ್ತಿದ ಆ ಮುಖ ಹತ್ತು ವರ್ಷದಿಂದ ಅವರ ಎದೆಯ ಮೇಲಿತ್ತು.

ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಗೇಟಿನ ಕಾವಲುಗಾರ ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ. ಚೀಟಿಯ ಮುಖಕ್ಕೂ ಎದುರಿನ ಮುಖಕ್ಕೂ ತಾಳೆಯಾಗಬೇಕು ಎಂದು ಮೊದಲನೆಯ ದಿನವೇ ತಡೆದು ನಿಲ್ಲಿಸಿದ್ದ. ‘ಹಾಗಾದ್ರೆ ಒಂದ್ಸಲ ಸೀನಿ ತೋರಿಸಿ ಸಾರ್’ ಎಂದಿದ್ದ. ತೋರಿಸಿದರು. ಬಿಟ್ಟ. ಮಾರನೆಯ ದಿನವೂ ಕೇಳಿದ. ಅಂದಿನಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಲಾರಿ ಡ್ರೈವರುಗಳೂ ಹಮಾಲರೂ ನೋಡುತ್ತಿರುವಾಗ, ಗುಮಾಸ್ತರು ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಗೆತ್ತಿ ನಿಲ್ಲಬೇಕು. ಕಾವಲುಗಾರ ಚೀಟಿ ನೋಡಿ, ಮುಖ ನೋಡಿ, ‘ಇವರೇ’ ಎಂದು ಸೆಲ್ಯೂಟ್ ಹೊಡೆದು ಒಳಗೆ ಬಿಡಬೇಕು.

ಚೀಟಿ ಬದಲಾಗುವುದು ಹತ್ತು ವರ್ಷಕ್ಕೊಮ್ಮೆ. ಆ ಹತ್ತು ವರ್ಷ ಇವತ್ತಿಗೆ ಮುಗಿದಿತ್ತು. ಹನ್ನೊಂದು ಗಂಟೆಗೆ ಎಲ್ಲರಿಗೂ ಹೊಸ ಫೋಟೋ, ಹೊಸ ಚೀಟಿ. ಫೋಟೋ ತೆಗೆಯುವವನನ್ನು ಗೊತ್ತುಮಾಡಿದ್ದೂ ಗುಮಾಸ್ತರೇ. ಮೂರು ಕೊಟೇಶನ್‌ಗಳಲ್ಲಿ ಅವನದೇ ಕಡಿಮೆ. ಅದನ್ನೂ ಚೌಕಾಸಿ ಮಾಡಿ ಇನ್ನಷ್ಟು ಇಳಿಸಿದ್ದರು.

‘ಈ ಸಲವಾದ್ರೂ ಮನುಷ್ಯನ ಹಾಗೆ ಕಾಣ್ಬೇಕು ಕಣೇ’ ಎಂದರು ಬೆಳಿಗ್ಗೆ ಆರೂವರೆಗೆ, ಕನ್ನಡಿಯ ಮುಂದೆ ನಿಂತು.

‘ಕಾಣ್ತೀರಿ. ಆ ಮೀಸೆ ಇದ್ರೆ ಸಾಕು, ಮಿಕ್ಕಿದ್ದು ಹೇಗಿದ್ರೂ ನಡೆಯುತ್ತೆ’ ಎಂದಳು ಹೆಂಡತಿ. ಮದುವೆಗೆ ಮುಂಚೆ ಅವಳ ಮನೆಯವರು ತೋರಿಸಿದ ಆರು ಫೋಟೋಗಳಲ್ಲಿ ಅವಳು ಇವರನ್ನು ಆರಿಸಿದ್ದೇ ಮೀಸೆ ನೋಡಿ. ಅದನ್ನು ಅವಳು ಮುಚ್ಚಿಟ್ಟವಳೇ ಅಲ್ಲ.

ಇನ್ನು ಡೈರಿಯ ವಿಷಯ. ಒಂದೂವರೆ ತಿಂಗಳಿಂದ ಅದರಲ್ಲಿ ಒಂದು ಪುಟ ಕಾದಿತ್ತು. ‘ಕ್ಷೌರ ವಿಧಾನಗಳು: ಖರ್ಚು ಮತ್ತು ಸುಖ’ ಎಂದು ತಲೆಬರಹ. ಮೊದಲನೆಯದು ಮೂರು ಬ್ಲೇಡಿನ ಹೊಸ ರೇಜರು. ಸುಖ ಹೆಚ್ಚು ಅನ್ನುತ್ತಾರೆ, ಆದರೆ ಅದರ ಒಂದು ತಲೆಯ ಬೆಲೆಗೆ ಹಳೆಯ ಕಾಲದ ಬ್ಲೇಡು ಇಪ್ಪತ್ತು ಬರುತ್ತವೆ. ಎರಡನೆಯದು ಆ ಹಳೆಯ ಕಾಲದ ಬ್ಲೇಡೇ. ಅದನ್ನು ತೊಡಿಸಲು ಅಪ್ಪನ ಕಬ್ಬಿಣದ ರೇಜರು ಅಟ್ಟದ ಮೇಲಿತ್ತು. ಮೂರನೆಯದು ಕರೆಂಟಿನ ಮಿಷನ್ನು. ಒಮ್ಮೆ ಕೊಂಡರೆ ವರ್ಷಾನುಗಟ್ಟಲೆ ಖರ್ಚಿಲ್ಲ, ಸೋಪೂ ಬೇಡ. ಬೆಲೆಯ ಕಾಲಮ್ಮುಗಳೆಲ್ಲ ತುಂಬಿದ್ದವು. ‘ಸುಖ’ ಎಂಬ ಕಾಲಮ್ಮು ಮಾತ್ರ ಖಾಲಿ. ಅದನ್ನು ಅಂಗಡಿಯವನ ಮಾತು ಕೇಳಿ ತುಂಬುವುದು ಹೇಗೆ?

ಆದ್ದರಿಂದ ಗುಮಾಸ್ತರು ಮುಖವನ್ನು ಮೂರು ಪಾಲು ಮಾಡಿದರು. ಬಲಗೆನ್ನೆ ಹೊಸ ರೇಜರಿಗೆ, ಎಡಗೆನ್ನೆ ಅಪ್ಪನ ರೇಜರಿಗೆ, ಗದ್ದ ಮಿಷನ್ನಿಗೆ.

ಹಿಂದಿನ ದಿನ ಅಂಗಡಿಯವನಿಂದ ಮಾದರಿಗೆಂದು ಕೇಳಿ ತಂದಿದ್ದ ಹೊಸ ರೇಜರು ಬಲಗೆನ್ನೆಯ ಮೇಲೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎರಡು ನಿಮಿಷದಲ್ಲಿ ಕೆನ್ನೆ ನುಣ್ಣಗಾಯಿತು.

‘ಚೆನ್ನಾಗಿದೆಯಲ್ರೀ! ಅದ್ರಲ್ಲೇ ಪೂರ್ತಿ ಮುಗಿಸಿಬಿಡಿ’ ಎಂದಳು ಹೆಂಡತಿ.

‘ಒಂದೇ ಕೊಟೇಶನ್ ನೋಡಿ ಆರ್ಡರ್ ಕೊಡೋಕಾಗುತ್ತಾ?’

‘ಇವತ್ತು ಬೇಡ ರೀ, ನನ್ನ ಮಾತು ಕೇಳಿ.’

ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗುಮಾಸ್ತರು ಅಪ್ಪನ ರೇಜರಿಗೆ ಹೊಸ ಬ್ಲೇಡು ತೊಡಿಸಿ ಎಡಗೆನ್ನೆಗೆ ಹಿಡಿದರು. ಅಪ್ಪ ಅದೇ ರೇಜರಿನಲ್ಲಿ ಕನ್ನಡಿಯೂ ಇಲ್ಲದೆ, ಹಿತ್ತಲಿನಲ್ಲಿ ನಿಂತು, ಪಕ್ಕದ ಮನೆಯವರ ಹತ್ತಿರ ಹರಟುತ್ತ ಕ್ಷೌರ ಮಾಡಿಕೊಳ್ಳುತ್ತಿದ್ದರು. ಮಗನಿಗೆ ಆ ಕೈ ಬಂದಿರಲಿಲ್ಲ. ಕಿವಿಯಿಂದ ಇಳಿಯುವಷ್ಟರಲ್ಲಿ ಎರಡು ಕಡೆ ಗೀರಿತು. ಆದರೂ ಹಟ ಬಿಡದೆ ತುಟಿಯ ಹತ್ತಿರಕ್ಕೆ ಬಂದರು. ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿದ್ದ ರೇಜರಿನ ಹಿಡಿಯಲ್ಲಿ ಧೂಳಿತ್ತು. ಧೂಳು ಮೂಗಿಗೆ ಏರಿತು. ಮೂಗು ಆಕಾಶಕ್ಕೆ ಏರಿತು.

‘ಆಕ್ಷೀ!’

ಕಣ್ಣು ತೆರೆದು ನೋಡಿದರೆ ಮೀಸೆಯ ಎಡಭಾಗದ ಬಹುಪಾಲು ಬೇಸಿನ್ನಿನಲ್ಲಿತ್ತು.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಬೇಸಿನ್ನು ನೋಡಿದಳು, ಗಂಡನನ್ನು ನೋಡಿದಳು. ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡಳು. ‘ಅಯ್ಯೋ, ನನ್ನ ಮೀಸೆ!’ ಎಂದಳು.

ಅವಳ ಕೂಗಿಗೆ ಮಹಡಿಯ ಮನೆಯ ರಿಟೈರ್ಡ್ ಹೆಡ್‌ಮಾಸ್ತರು ಇಳಿದು ಬಂದರು. ಕರೆಂಟಿನ ಮಿಷನ್ನು ಅವರದೇ. ಹುಟ್ಟುಹಬ್ಬಕ್ಕೆ ಮಗಳು ಕೊಡಿಸಿದ್ದನ್ನು ಹೆದರಿ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಹಿಂದಿನ ದಿನ ಗುಮಾಸ್ತರು ಎರವಲು ಕೇಳಿದಾಗ, ಮೊದಲು ಬೇರೆಯವರ ಮುಖದ ಮೇಲೆ ನೋಡೋಣ ಎಂದು ಸಂತೋಷವಾಗಿ ಒಪ್ಪಿದ್ದರು.

‘ಗಾಬರಿ ಆಗ್ಬೇಡಿ. ಮೊದಲು ಗದ್ದ ಮುಗಿಸೋಣ. ಮೀಸೆ ವಿಚಾರ ಆಮೇಲೆ’ ಎಂದು ಮಿಷನ್ನನ್ನು ತಾವೇ ಹಿಡಿದು ಗುಮಾಸ್ತರ ಗದ್ದಕ್ಕೆ ಇಟ್ಟರು.

ಮಿಷನ್ನು ಗುರ್ ಎಂದಿತು. ಅರ್ಧ ಗದ್ದ ಉತ್ತಿತು. ಆಮೇಲೆ ಗುರ್ ಎಂಬುದು ಗೊರ್ ಎಂದಾಗಿ, ಗೊರ್ ಎಂಬುದು ನಿಟ್ಟುಸಿರಾಗಿ, ನಿಂತೇಹೋಯಿತು. ಕೂದಲನ್ನು ಮಾತ್ರ ಬಿಡಲಿಲ್ಲ.

‘ಚಾರ್ಜ್ ಮಾಡಿದ್ರಾ ಮೇಷ್ಟ್ರೇ?’ ಎಂದರು ಗುಮಾಸ್ತರು, ಗದ್ದದಿಂದ ನೇತಾಡುವ ಮಿಷನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

‘ಮಾಡ್ಬೇಕಾ?’

ಅದನ್ನು ಬಿಡಿಸಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಹೆಡ್‌ಮಾಸ್ತರು ‘ಆ ಕಡೆ ನೋಡಿ’ ಎಂದು ಹೇಳಿ ಥಟ್ಟನೆ ಎಳೆದರು. ಗುಮಾಸ್ತರು ಕೂಗಿದ ಕೂಗಿಗೆ ಬೀದಿಯ ನಾಯಿಗಳೂ ಉತ್ತರ ಕೊಟ್ಟವು. ಸುಖದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂಬುದರಲ್ಲಿ ಇನ್ನು ಅನುಮಾನವಿರಲಿಲ್ಲ.

‘ಕಟಿಂಗ್ ಶಾಪಿಗೆ ಓಡಿ ರೀ’ ಎಂದಳು ಹೆಂಡತಿ. ‘ಉಳಿದದ್ದನ್ನ ಏನಾದ್ರೂ ಮಾಡಿ ಉಳಿಸಿಕೊಡೋಕೆ ಹೇಳಿ. ನೀವಂತೂ ಇನ್ನು ಅದಕ್ಕೆ ಕೈ ಹಚ್ಬೇಡಿ.’

ಗುಮಾಸ್ತರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೊರಟರು. ಕಾರ್ಖಾನೆಯ ದಾರಿಯಲ್ಲೇ ಇದ್ದ ಅಂಗಡಿ ತೆರೆಯುವುದೇ ಒಂಬತ್ತಕ್ಕೆ, ಬಾಗಿಲಲ್ಲಿ ಇಬ್ಬರು ಆಗಲೇ ಕಾದು ಕೂತಿದ್ದರು. ಸರದಿ ಬಂದಾಗ ಹತ್ತು ಗಂಟೆ ದಾಟಿತ್ತು. ಕ್ಷೌರಿಕ ಟವೆಲ್ಲು ಬಿಚ್ಚಿದವನೇ ಎರಡು ಹೆಜ್ಜೆ ಹಿಂದೆ ಸರಿದ.

‘ಸಾರ್, ಇದು ಯಾರ ಕೆಲಸ?’

‘ಮೂರು ಕೊಟೇಶನ್‌ಗಳದು’ ಎಂದರು ಗುಮಾಸ್ತರು ತಲೆ ತಗ್ಗಿಸಿ. ‘ಮೀಸೆ ಉಳಿಸೋಕಾಗುತ್ತಾ?’

‘ನೋಡೋಣ. ಎರಡೂ ಕಡೆ ಸಮ ಮಾಡ್ತೀನಿ.’

ಬಿಸಿನೀರಿನ ಟವೆಲ್ಲು ಮುಖದ ಮೇಲೆ ಬಿತ್ತು. ಮೆತ್ತನೆಯ ಬ್ರಷ್ಷಿನಲ್ಲಿ ನೊರೆ ಸುತ್ತಿ ಸುತ್ತಿ ಬಂತು. ಗುಮಾಸ್ತರಿಗೆ ಎಲ್ಲೋ ತೇಲಿದಂತಾಯಿತು. ಇಲ್ಲಿ ಒಂದು ಸಲ ಕೂತೇಳುವ ಖರ್ಚಿನಲ್ಲಿ ಮನೆಯಲ್ಲಿ ಒಂದು ತಿಂಗಳು ಕ್ಷೌರವಾಗುತ್ತದೆ, ಅದಕ್ಕೇ ಇದನ್ನು ಪಟ್ಟಿಗೇ ಸೇರಿಸಿರಲಿಲ್ಲ. ಆದರೆ ಸುಖ ಎಂದರೆ ಇದು ಎಂದು ಮನಸ್ಸು ಒಪ್ಪಿಕೊಂಡಿತು. ಹಾಗೇ ಕಣ್ಣು ಹತ್ತಿತು.

ಅವರು ಗೊರಕೆ ಹೊಡೆಯುತ್ತಿರುವಾಗ ಕ್ಷೌರಿಕ ಸಮ ಮಾಡುತ್ತಿದ್ದ. ಬಲಗಡೆಯನ್ನು ಎಡಗಡೆಯ ಮಟ್ಟಕ್ಕೆ ಇಳಿಸಿದ. ಎಡಗಡೆ ದೊಡ್ಡದೆನಿಸಿತು. ಎಡಗಡೆ ಸ್ವಲ್ಪ ತೆಗೆದ. ಬಲಗಡೆ ದೊಡ್ಡದೆನಿಸಿತು. ಪ್ರಾಮಾಣಿಕ ಮನುಷ್ಯ, ನ್ಯಾಯ ಆಗುವವರೆಗೂ ಬಿಡಲಿಲ್ಲ.

‘ಈಗ ಸಮ ಆಯ್ತು ನೋಡಿ ಸಾರ್’ ಎಂದು ಎಬ್ಬಿಸಿದ.

ಕನ್ನಡಿಯಲ್ಲಿ ಮೀಸೆಯೇ ಇಲ್ಲದ ಒಬ್ಬ ಮನುಷ್ಯ ಕೂತಿದ್ದ. ಗುಮಾಸ್ತರು ಮೂಗಿನ ಕೆಳಗೆ ತಡವಿಕೊಂಡರು. ಮತ್ತೊಮ್ಮೆ ಕನ್ನಡಿ ನೋಡಿದರು. ಗಾಯಗಳೆಲ್ಲ ಮಾಯ. ಕೆನ್ನೆ ಹೊಳೆಯುತ್ತಿತ್ತು. ಹತ್ತು ವರ್ಷ ಕಡಿಮೆಯಾದಂತಿತ್ತು. ಮೀಸೆಗೇನು, ತಿಂಗಳಲ್ಲಿ ಬರುತ್ತದೆ. ಹೆಂಡತಿಗೆ ಹೇಗೋ ಸಮಾಧಾನ ಹೇಳಿದರಾಯಿತು. ಫೋಟೋಕ್ಕಂತೂ ಇದಕ್ಕಿಂತ ಒಳ್ಳೆಯ ಮುಖ ತಮಗೆ ಈ ಜನ್ಮದಲ್ಲಿ ಸಿಗುವುದಿಲ್ಲ ಎನಿಸಿತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಗೇಟಿಗೆ ಬಂದರು. ಆಶ್ಚರ್ಯ! ಗೇಟು ಅರ್ಧ ತೆರೆದಿದೆ, ಕಾವಲುಗಾರನಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ಗುಮಾಸ್ತರು ಸೀನದೆ ಒಳಗೆ ಹೋದರು. ಆ ಇಪ್ಪತ್ತು ಹೆಜ್ಜೆಗಳನ್ನು ಅವರು ಎಷ್ಟು ನಿಧಾನವಾಗಿ, ಎಷ್ಟು ಗಂಭೀರವಾಗಿ ನಡೆದರೆಂದರೆ, ಅಲ್ಲಿದ್ದ ಲಾರಿ ಡ್ರೈವರೊಬ್ಬ ಯಾರೋ ದೊಡ್ಡ ಸಾಹೇಬರೆಂದು ಬೀಡಿ ಬಿಸಾಡಿ ಎದ್ದು ನಿಂತ.

ಕಾವಲುಗಾರ ಇದ್ದದ್ದು ಊಟದ ಹಾಲಿನಲ್ಲಿ. ಎಲ್ಲರ ಮುಖ ಬಲ್ಲವನು ಅವನೊಬ್ಬನೇ ಎಂದು ಮ್ಯಾನೇಜರು ಅವನನ್ನು ಫೋಟೋದವನ ಪಕ್ಕದಲ್ಲೇ ಕೂರಿಸಿದ್ದರು. ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಒಬ್ಬೊಬ್ಬರೇ ನೀಲಿ ಬಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕೂರುವುದು, ಹಳೆಯ ಚೀಟಿ ಕೊಡುವುದು. ಕಾವಲುಗಾರ ಚೀಟಿ ನೋಡಿ, ಮುಖ ನೋಡಿ, ‘ಇವರೇ’ ಎನ್ನುವುದು. ಅವನು ‘ಇವರೇ’ ಎಂದಕೂಡಲೇ ಫೋಟೋದವ ಕ್ಲಿಕ್ ಮಾಡುವುದು. ಇನ್ನೂರು ಜನರ ಸಾಲು ಸರಸರ ಸರಿಯುತ್ತಿತ್ತು.

ಗುಮಾಸ್ತರ ಸರದಿ ಬಂತು. ಬೆನ್ನು ನೆಟ್ಟಗೆ ಮಾಡಿ, ತುಟಿಯಲ್ಲಿ ಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಬಂದ ಸಣ್ಣ ನಗೆ ಇಟ್ಟುಕೊಂಡು ಕೂತರು. ಮೂಗಿನಲ್ಲಿ ಧೂಳಿಲ್ಲ, ಸೀನಿನ ಸುಳಿವಿಲ್ಲ. ಫೋಟೋದವ ಬಟನ್ನಿನ ಮೇಲೆ ಬೆರಳಿಟ್ಟ.

ಕಾವಲುಗಾರ ಚೀಟಿ ನೋಡಿದ. ಮುಖ ನೋಡಿದ. ಚೀಟಿಯನ್ನು ಬೆಳಕಿಗೆ ಹಿಡಿದ.

‘ಯಾರು ನೀವು?’

‘ಏನಯ್ಯಾ ಇದು, ನಾನು! ಖರೀದಿ ವಿಭಾಗ!’

‘ಇದ್ರಲ್ಲಿ ಮೀಸೆ ಇದೆ. ನಿಮಗಿಲ್ಲ. ಖರೀದಿ ಸಾಹೇಬರು ಇನ್ನೂ ಬಂದಿಲ್ಲ. ಬಂದಿದ್ರೆ ಗೇಟಲ್ಲಿ ಸೀನಿ ಬರ್ತಿದ್ರು.’

ಸಾಲಿನಲ್ಲಿ ಗುಸುಗುಸು ಶುರುವಾಯಿತು. ‘ಧ್ವನಿ ಕೊಟೇಶನ್‌ದೇ ಕಣ್ರೀ’ ಎಂದಳು ಟೈಪಿಸ್ಟು. ‘ಕೊಟೇಶನ್ ಕಟಿಂಗ್ ಶಾಪಲ್ಲಿ ದುಡ್ಡು ಬಿಚ್ಚೋದುಂಟಾ? ಇವರು ಅವರ ತಮ್ಮ ಇರ್ಬೇಕು’ ಎಂದರು ಕ್ಯಾಷಿಯರು. ಹಿಂದಿನವರು ಊಟಕ್ಕೆ ತಡವಾಗುತ್ತದೆ ಎಂದು ಕೂಗತೊಡಗಿದರು.

‘ನಾನೇ ಕಣಯ್ಯಾ, ಆಣೆ ಮಾಡಿ ಹೇಳ್ತೀನಿ!’ ಎಂದರು ಗುಮಾಸ್ತರು. ಅವರ ಕಣ್ಣಲ್ಲಿ ನೀರೇ ಬರುವಂತಾಗಿತ್ತು.

ಕಾವಲುಗಾರನಿಗೂ ಕನಿಕರವೆನಿಸಿತು. ‘ಆಣೆ ಎಲ್ಲ ಬೇಡ ಸಾರ್. ನೀವೇ ಆಗಿದ್ರೆ ಒಂದ್ಸಲ ಮಾಡಿ ತೋರಿಸಿ. ನನಗೆ ಗೊತ್ತಾಗುತ್ತೆ.’

ಬೇರೆ ದಾರಿಯಿರಲಿಲ್ಲ. ಒಂದೇ ಒಂದು ಸಲ, ಕೊನೆಯ ಸಲ, ಎಂದುಕೊಂಡು ಗುಮಾಸ್ತರು ಕಣ್ಣು ಮುಚ್ಚಿದರು. ಬಾಯಿ ತೆರೆದರು. ಮೂಗನ್ನು ಆಕಾಶಕ್ಕೆತ್ತಿದರು.

‘ಇವರೇ!’ ಎಂದು ಕಾವಲುಗಾರ ಸಂತೋಷದಿಂದ ಕೂಗಿದ.

ಕ್ಲಿಕ್.

‘ಮುಂದಿನವರು ಬನ್ನಿ’ ಎಂದ ಫೋಟೋದವ.

‘ಇನ್ನೊಂದು ತೆಗಿಯಯ್ಯಾ!’ ಎಂದು ಗುಮಾಸ್ತರು ಸ್ಟೂಲಿನಿಂದ ಹಾರಿದರು.

ಫೋಟೋದವ ಜೇಬಿನಿಂದ ಒಂದು ಕಾಗದ ತೆಗೆದು ಬಿಚ್ಚಿದ. ‘ನೋಡಿ ಸಾರ್. ಒಬ್ಬರಿಗೆ ಎರಡು ಕ್ಲಿಕ್ ಅಂತ ನಾನು ಬರೆದಿದ್ದೆ. ಅದನ್ನ ಹೊಡೆದುಹಾಕಿ ಒಂದೇ ಸಾಕು ಅಂತ ದರ ಇಳಿಸಿದ್ದಾರೆ. ಇಲ್ಲಿ ಸಹಿ ಇದೆ.’

ಸಹಿ ಗುಮಾಸ್ತರದೇ. ಅಕ್ಷರ ಮುತ್ತಿನ ಹಾಗಿತ್ತು.

ಸಾಯಂಕಾಲ ಹೊಸ ಚೀಟಿ ಕೊರಳಿಗೆ ಹಾಕಿಕೊಂಡು ಗೇಟು ದಾಟುವಾಗ ಕಾವಲುಗಾರ ಅದನ್ನು ಕೈಯಲ್ಲಿ ಹಿಡಿದು ನೋಡಿದ. ‘ಮುಖ ತುಂಬ ಚೆನ್ನಾಗಿ ಬಂದಿದೆ ಸಾರ್. ಒಂದು ಮಾತು. ಇನ್ನು ಮೀಸೆ ಬಿಡ್ಬೇಡಿ, ತಾಳೆ ಆಗಲ್ಲ’ ಎಂದು ಸೆಲ್ಯೂಟ್ ಹೊಡೆದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಬರಿದಾದ ಮೇಲ್ದುಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಟಿಯನ್ನು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಕೊನೆಗೆ ಗಂಡನ ಕೆನ್ನೆ ಸವರಿ ಮೆಲ್ಲಗೆ ಕೇಳಿದಳು.

‘ಹೋಗಲಿ ಬಿಡಿ. ಮೀಸೆ ಮತ್ತೆ ಯಾವಾಗ ಬರುತ್ತೆ?’

ಗುಮಾಸ್ತರು ಡೈರಿ ತೆಗೆದು, ‘ಮೇಲ್ದುಟಿ’ ಎಂದು ಹೊಸದೊಂದು ಕಾಲಮ್ಮು ಎಳೆಯುತ್ತ ಹೇಳಿದರು:

‘ಇನ್ನು ಹತ್ತು ವರ್ಷ ಆಗುತ್ತೆ ಕಣೇ.’